ಕ್ವೇಕರ್ ಬೀಗರಿಂದ ಬಂದ ಪತ್ರ: ಮಗಳ ಮದುವೆಗೆ ಹೋದರೆ ಒಪ್ಪಿದಂತೆ ಆಗುತ್ತದೆಯೇ?

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಾಲಾ ಶಿಕ್ಷಕಿ. ನಮಗೆ ಒಬ್ಬಳೇ ಮಗಳು. ಆರು ವರ್ಷಗಳಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ದೀಪಾವಳಿಗೆ ಬಂದಾಗ ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ, ಅವಳನ್ನೇ ಮದುವೆಯಾಗುತ್ತೇನೆ ಎಂದು ಹೇಳಿದಳು. ಅಂದಿನಿಂದ ನಮ್ಮ ಮನೆಯವರು ಅವಳೊಂದಿಗೆ ಮಾತು ಬಿಟ್ಟಿದ್ದಾರೆ. ಆ ಹುಡುಗಿಯ ಮನೆಯವರು ಕ್ವೇಕರ್ ಎಂಬ ಪಂಥದವರಂತೆ. ಬರುವ ಆಗಸ್ಟ್‌ನಲ್ಲಿ ಅವರ ಪ್ರಾರ್ಥನಾಮಂದಿರದಲ್ಲೇ ಮದುವೆ. ಆಕೆಯ ತಾಯಿ ನನಗೆ ಕೈಬರಹದ ಪತ್ರ ಕಳಿಸಿದ್ದಾರೆ. ಅದರಲ್ಲಿ ‘ನಮಗೂ ಕಾಲ ಹಿಡಿಯಿತು’ ಎಂಬ ಒಂದು ಮಾತಿದೆ. ಇದು ಎಂಥ ಧರ್ಮ? ಮಗಳನ್ನು ಮತಾಂತರ ಮಾಡುತ್ತಾರೆಯೇ? ಕ್ರೈಸ್ತರಾಗಿದ್ದೂ ಇದನ್ನು ಹೇಗೆ ಒಪ್ಪಿದರು? ನಮ್ಮಂಥ ತಂದೆತಾಯಿಗೆ ಅವರಲ್ಲಿ ಏನಾದರೂ ಆಸರೆ ಇದೆಯೇ? ನಾನು ಹೋದರೆ ಒಪ್ಪಿದಂತೆ ಆಗುವುದಿಲ್ಲವೇ? ಮತ್ತೆ, ಕೇಳಲು ಸಂಕೋಚವಾಗುತ್ತದೆ, ಅಲ್ಲಿ ಅಕ್ಷತೆ ಹಾಕಲು ಬಿಡುತ್ತಾರೆಯೇ?

ಉತ್ತರ:

ಮಾನ್ಯರೇ,

ಸಂಕೋಚದಿಂದ ಕೇಳಿದ ಕೊನೆಯ ಪ್ರಶ್ನೆಯನ್ನು ಓದಿದಾಗ, ನೀವು ಮನಸ್ಸಿನಲ್ಲಿ ಆಗಲೇ ಆ ಮಂದಿರದ ಹೊಸ್ತಿಲು ದಾಟಿದ್ದೀರಿ ಎಂದು ನನಗೆ ಅನಿಸಿತು. ಆದ್ದರಿಂದ ಹೋಗಿ ಎಂದಾಗಲೀ ಬೇಡವೆಂದಾಗಲೀ ನಾನು ಹೇಳುವುದಿಲ್ಲ. ಹೋದರೆ ಅಲ್ಲಿ ಏನನ್ನು ಕಾಣುವಿರಿ, ಆ ಪತ್ರ ಬರೆದ ತಾಯಿ ಎಂಥ ಪರಂಪರೆಯ ಒಳಗಿನಿಂದ ಬರೆದಿದ್ದಾರೆ ಎಂಬುದನ್ನು ತಿಳಿಸುತ್ತೇನೆ. ನಾನು ಕ್ವೇಕರ್ ಅಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಧರ್ಮಗಳ ತೌಲನಿಕ ಅಧ್ಯಯನವನ್ನು ಕಲಿಸುತ್ತಿದ್ದ ವರ್ಷಗಳಲ್ಲಿ ಅವರ ಸಭೆಗಳಲ್ಲಿ ಅನೇಕ ಭಾನುವಾರ ಕುಳಿತಿದ್ದೇನೆ, ಅವರ ಎರಡು ಮದುವೆಗಳ ಪತ್ರದ ಮೇಲೆ ನನ್ನ ಸಹಿಯೂ ಇದೆ. ಆ ಸಹಿಯ ವಿಚಾರಕ್ಕೆ ಮುಂದೆ ಬರುತ್ತೇನೆ.

ಕ್ವೇಕರರು ತಮ್ಮನ್ನು ‘ಫ್ರೆಂಡ್ಸ್’, ಅಂದರೆ ಸ್ನೇಹಿತರು ಎಂದೇ ಕರೆದುಕೊಳ್ಳುತ್ತಾರೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ, ಅಂತರ್ಯುದ್ಧದ ಗದ್ದಲದ ನಡುವೆ, ಜಾರ್ಜ್ ಫಾಕ್ಸ್ ಎಂಬ ನೇಕಾರನ ಮಗ ಪಾದ್ರಿಗಳ ಮಧ್ಯಸ್ಥಿಕೆ ಇಲ್ಲದೆ ದೇವರನ್ನು ನೇರವಾಗಿ ಅರಿಯಬಹುದು ಎಂದು ಸಾರುತ್ತ ಊರೂರು ತಿರುಗಿದ. 1650ರಲ್ಲಿ ಡರ್ಬಿ ಪಟ್ಟಣದ ನ್ಯಾಯಾಧೀಶನೊಬ್ಬನ ಎದುರು ‘ದೇವರ ವಾಕ್ಯದ ಮುಂದೆ ನಡುಗಿರಿ’ ಎಂದು ಹೇಳಿದ್ದಕ್ಕೆ ಆ ನ್ಯಾಯಾಧೀಶ ಇವರನ್ನು ‘ನಡುಗುವವರು’ ಎಂದು ಗೇಲಿ ಮಾಡಿದ, ಆ ಗೇಲಿಯ ಹೆಸರೇ ನಿಂತುಬಿಟ್ಟಿತು. ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಅಂಶವೊಂದಿದೆ ಎಂಬ ಮಾತನ್ನು ಫಾಕ್ಸ್ 1656ರಲ್ಲಿ ಸೆರೆಮನೆಯಿಂದ ಬರೆದ. ಬ್ರಿಟನ್ನಿನ ಕ್ವೇಕರರು ಇಂದಿಗೂ ಅದನ್ನೇ ತಮ್ಮ ನಂಬಿಕೆಯ ತಿರುಳು ಎಂದು ಹೇಳುತ್ತಾರೆ. ಅವರ ಮಂದಿರದಲ್ಲಿ ಶಿಲುಬೆಯಿಲ್ಲ, ವೇದಿಕೆಯಿಲ್ಲ, ಪಾದ್ರಿಯಿಲ್ಲ, ಮಂತ್ರವಿಲ್ಲ. ಕುರ್ಚಿಗಳನ್ನು ಸುತ್ತಲೂ ಹಾಕಿ, ನಡುವೆ ಒಂದು ಸಣ್ಣ ಮೇಜನ್ನಿಟ್ಟು, ಅದರ ಮೇಲೆ ಹೂವಿಟ್ಟು, ಸುಮಾರು ಒಂದು ಗಂಟೆ ಮೌನವಾಗಿ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಒತ್ತಿ ಬಂದರೆ ಎದ್ದು ನಿಂತು ಎರಡು ಮಾತು ಹೇಳಿ ಕೂರುತ್ತಾರೆ; ಕೆಲವು ಭಾನುವಾರ ಒಬ್ಬರೂ ಏಳುವುದಿಲ್ಲ. ಇದನ್ನು ನಮ್ಮ ಶರಣರ ವಿಚಾರಗಳೊಂದಿಗೆ ಹೋಲಿಸುವ ಆಸೆ ಕನ್ನಡಿಗರಿಗೆ ಬೇಗ ಹುಟ್ಟುತ್ತದೆ, ನನಗೂ ಹುಟ್ಟಿತ್ತು; ಆದರೆ ಹೋಲಿಕೆ ಸಿಕ್ಕ ಕೂಡಲೇ ಎದುರಿಗಿರುವವರನ್ನು ನೋಡುವುದನ್ನು ನಿಲ್ಲಿಸಿಬಿಡುತ್ತೇವೆ ಎಂಬುದನ್ನು ಕಂಡುಕೊಂಡ ಮೇಲೆ ಅದನ್ನು ಬಿಟ್ಟೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಪಂಥದ ಗುರುತು ಎಲ್ಲ ಕಡೆ ಇದೆ. ಕ್ಯಾಡ್‌ಬರಿ ಚಾಕೊಲೇಟಿನ ಮನೆತನದವರು ಕ್ವೇಕರರು. ಕಾರ್ಖಾನೆಯ ಸುತ್ತ ಅವರು ಕಟ್ಟಿಸಿದ ಬೋರ್ನ್‌ವಿಲ್ ಎಂಬ ಬಡಾವಣೆಯನ್ನು ನಿಮ್ಮ ಮಗಳು ನೋಡಿಯೇ ಇರುತ್ತಾಳೆ. ಜಾರ್ಜ್ ಕ್ಯಾಡ್‌ಬರಿ ಬಿಟ್ಟುಕೊಟ್ಟ ಮನೆಯಲ್ಲಿ 1903ರಲ್ಲಿ ಆರಂಭವಾದ ವುಡ್‌ಬ್ರೂಕ್ ಎಂಬ ಅಧ್ಯಯನ ಕೇಂದ್ರದಲ್ಲಿ 1931ರಲ್ಲಿ, ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದಾಗ, ಗಾಂಧೀಜಿಯವರು ತಂಗಿದ್ದರು. ನಿಮ್ಮ ಮನೆಯವರಿಗೆ ಬೇರೇನೂ ರುಚಿಸದಿದ್ದರೂ ಇದನ್ನು ಹೇಳಿ ನೋಡಿ.

ಮತಾಂತರದ ಭಯವನ್ನು ಬೇಗ ಬಗೆಹರಿಸಬಹುದು. ಕ್ವೇಕರರಲ್ಲಿ ದೀಕ್ಷಾಸ್ನಾನವೇ ಇಲ್ಲ, ಮದುವೆಗಾಗಿ ಯಾರೂ ಸದಸ್ಯರಾಗಬೇಕಿಲ್ಲ. ಸದಸ್ಯರಲ್ಲದವರು ಮದುವೆಯಾಗುವಾಗ ಅವರ ರೀತಿ ತಮಗೆ ಹೊಂದುತ್ತದೆ ಎಂಬುದನ್ನು ಸಭೆಗೆ ಮನವರಿಕೆ ಮಾಡಿಕೊಡಬೇಕಾಗುತ್ತದೆ, ಅಷ್ಟೇ. ತಾವು ದೇವರನ್ನು ನಂಬುವುದಿಲ್ಲ ಎಂದು ಹೇಳುವವರು ಕೂಡ ಬ್ರಿಟನ್ನಿನ ಕ್ವೇಕರ್ ಸಭೆಗಳಲ್ಲಿ ಸದಸ್ಯರಾಗಿದ್ದಾರೆ. ನಿಮ್ಮ ಮಗಳು ಮನೆಯಲ್ಲಿ ದೀಪ ಹಚ್ಚುವುದಕ್ಕೂ ಗಣೇಶನನ್ನು ಕೂರಿಸುವುದಕ್ಕೂ ಆ ಸಭೆಯಿಂದ ಅಡ್ಡಿ ಬರುವುದಿಲ್ಲ.

ಅವರು ಇದನ್ನು ಹೇಗೆ ಒಪ್ಪಿದರು ಎಂಬ ನಿಮ್ಮ ಮೂರನೆಯ ಪ್ರಶ್ನೆಯಲ್ಲೇ ನಿಮಗೆ ಬೇಕಾದದ್ದು ಹೆಚ್ಚು ಇದೆ ಎಂದು ನಾನು ಭಾವಿಸುತ್ತೇನೆ. 1957ರ ಸುಮಾರಿಗೆ, ತಮ್ಮ ಸಲಿಂಗ ಒಲವಿನಿಂದ ಕಂಗೆಟ್ಟಿದ್ದ ಕೆಲವು ಕ್ವೇಕರ್ ವಿದ್ಯಾರ್ಥಿಗಳು ತಮ್ಮ ಪಂಥದ ಹಿರಿಯರ ಬಳಿ ಹೋಗಿ ದಾರಿ ತೋರಿಸಿ ಎಂದು ಕೇಳಿದರು. ಆಗ ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಇಂಥ ಸಂಬಂಧ ಅಪರಾಧವಾಗಿತ್ತು, ಸಿಕ್ಕಿಬಿದ್ದವರು ಜೈಲಿಗೆ ಹೋಗುತ್ತಿದ್ದರು. ಹಿರಿಯರು ಬೈಬಲ್ ತೆರೆದು ಒಂದು ವಾಕ್ಯ ಓದಿ ಕಳಿಸಬಹುದಿತ್ತು, ಇಲ್ಲವೇ ವೈದ್ಯರ ಬಳಿಗೆ ಅಟ್ಟಬಹುದಿತ್ತು. ಅವರು ಮಾಡಿದ್ದು ಬೇರೆ. ತಮಗೆ ಉತ್ತರ ತಿಳಿಯದು ಎಂಬುದನ್ನು ಒಪ್ಪಿಕೊಂಡು, ಶಿಕ್ಷಕರು, ಮನೋವೈದ್ಯರು ಮೊದಲಾದವರಿದ್ದ ಹನ್ನೊಂದು ಜನರ ಒಂದು ಗುಂಪನ್ನು ಕಟ್ಟಿಕೊಂಡು, ವರ್ಷಗಟ್ಟಲೆ ಕೂತು ಕೇಳಿ, ಓದಿ, ವಾದಿಸಿ, 1963ರಲ್ಲಿ ಒಂದು ಕಿರುಹೊತ್ತಿಗೆಯನ್ನು ಹೊರತಂದರು. ಲೈಂಗಿಕತೆಯನ್ನು ಕುರಿತ ಕ್ವೇಕರ್ ದೃಷ್ಟಿಯತ್ತ ಒಂದು ಹೆಜ್ಜೆ ಎಂಬ ಅರ್ಥದ ಹೆಸರು ಅದಕ್ಕೆ. ಸಂಬಂಧವೊಂದರಲ್ಲಿ ನೋಡಬೇಕಾದದ್ದು ಅದರ ಸ್ವಭಾವ ಮತ್ತು ಗುಣವನ್ನೇ ಹೊರತು ಅದರ ಹೊರರೂಪವನ್ನಲ್ಲ ಎಂದು ಅದು ಹೇಳಿತು. ಎಡಗೈ ಬಳಸುವುದನ್ನು ಹೇಗೆ ದೂಷಿಸಲಾಗದೋ ಹಾಗೆ ಸಲಿಂಗ ಒಲವನ್ನೂ ದೂಷಿಸಲಾಗದು ಎಂದೂ ಹೇಳಿತು.

ಈ ಹೋಲಿಕೆ ಶಿಕ್ಷಕಿಯಾಗಿದ್ದ ನಿಮಗೆ ಬೇಗ ತಲುಪುತ್ತದೆ. ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಹೊಡೆದ ಮಾಸ್ತರರನ್ನು ನಮ್ಮ ಪೀಳಿಗೆ ಕಂಡಿದೆ. ಆ ಮಕ್ಕಳು ಬಲಗೈಯಲ್ಲಿ ಬರೆಯುವುದನ್ನು ಕಲಿತರು ನಿಜ, ಆದರೆ ಮನೆಗೆ ಹೋಗಿ ಯಾರೂ ನೋಡದಾಗ ಎಡಗೈಯಲ್ಲೇ ಗೋಲಿ ಆಡಿದರು. ಹೋಲಿಕೆಗೆ ಮಿತಿಯೂ ಇದೆ. ಎಡಚನೆಂಬ ಕಾರಣಕ್ಕೆ ಯಾವ ಅಪ್ಪನೂ ತಿಂಗಳುಗಟ್ಟಲೆ ಮಾತು ಬಿಟ್ಟದ್ದನ್ನು ನಾನು ಕೇಳಿಲ್ಲ.

ಆ ಹೊತ್ತಿಗೆ ಹೊರಬಂದಾಗ ದೊಡ್ಡ ಗದ್ದಲವೇ ಆಯಿತು, ಕ್ವೇಕರರ ಒಳಗೂ ಹೊರಗೂ. ಅದು ಇಡೀ ಪಂಥದ ಅಧಿಕೃತ ನಿಲುವು ಆಗಿರಲಿಲ್ಲ. ಹನ್ನೊಂದು ಜನರ ಅಭಿಪ್ರಾಯವಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಬದಲಾದದ್ದು 1967ರಲ್ಲಿ. ಸಲಿಂಗಿ ಕ್ವೇಕರರು ತಮ್ಮದೇ ಒಂದು ಬಳಗವನ್ನು ಕಟ್ಟಿಕೊಂಡದ್ದು 1973ರಲ್ಲಿ. ಬ್ರಿಟನ್ನಿನ ಕ್ವೇಕರರ ವಾರ್ಷಿಕ ಸಭೆ ಯಾರ್ಕ್ ನಗರದಲ್ಲಿ ಸೇರಿ, ಗಂಡುಹೆಣ್ಣಿನ ಮದುವೆಯನ್ನು ನಡೆಸಿಕೊಡುವ ರೀತಿಯಲ್ಲೇ ಸಲಿಂಗಿ ಜೋಡಿಗಳ ಮದುವೆಯನ್ನೂ ನಡೆಸಿಕೊಡಬೇಕು ಎಂದು ತೀರ್ಮಾನಿಸಿದ್ದು 2009ರಲ್ಲಿ. ದೇಶದ ಕಾನೂನು ಅವರನ್ನು ಹಿಂಬಾಲಿಸಿತು. 2013ರಲ್ಲಿ ಕಾಯ್ದೆಯಾಗಿ 2014ರ ಮಾರ್ಚ್‌ನಿಂದ ಅಂಥ ಮದುವೆಗಳು ನಡೆಯತೊಡಗಿದವು. ಕ್ವೇಕರರು ಮತ ಹಾಕಿ ಏನನ್ನೂ ತೀರ್ಮಾನಿಸುವುದಿಲ್ಲ. ಕೇಳುತ್ತ ಕೂತು, ಸಭೆಯ ಒಟ್ಟು ಮನಸ್ಸು ಎತ್ತ ಒಲಿದಿದೆ ಎಂಬುದು ತಿಳಿದಾಗ ಸಭೆಯನ್ನು ನಡೆಸುವವರು ಅಲ್ಲಿಯೇ ಅದನ್ನು ಬರೆದು ಓದುತ್ತಾರೆ; ಸಭೆ ‘ಹೌದು, ಇದೇ ನಮ್ಮ ಮನಸ್ಸು’ ಎಂದು ಒಪ್ಪಿದರೆ ಮಾತ್ರ ಅದು ನಿಲ್ಲುತ್ತದೆ. 1963ರಿಂದ 2009ಕ್ಕೆ ಲೆಕ್ಕ ಹಾಕಿ ನೋಡಿ, ನಲವತ್ತಾರು ವರ್ಷ. ‘ನಮಗೂ ಕಾಲ ಹಿಡಿಯಿತು’ ಎಂದು ನಿಮ್ಮ ಬೀಗಿತ್ತಿ ಬರೆದದ್ದು ತಮ್ಮ ಮನೆಯ ಮಾತಿರಬಹುದು. ಆದರೆ ಅವರ ಪಂಥಕ್ಕೂ ಆ ಮಾತು ಅಕ್ಷರಶಃ ಸಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಾನು ನಿಮಗೆ ಅರ್ಧ ಚಿತ್ರವನ್ನಷ್ಟೇ ಕೊಟ್ಟಂತೆ. ಕ್ವೇಕರರೆಲ್ಲ ಹೀಗೆಯೇ ಎಂದುಕೊಳ್ಳಬೇಡಿ. ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರರಿರುವ ದೇಶ ಕೀನ್ಯಾ. ಅಲ್ಲಿ ಪಾದ್ರಿಗಳಿದ್ದಾರೆ, ಹಾಡು ಉಪದೇಶಗಳಿವೆ, ಸಲಿಂಗ ಸಂಬಂಧವನ್ನು ಅಲ್ಲಿನ ಕ್ವೇಕರ್ ಚರ್ಚುಗಳು ಒಪ್ಪುವುದಿಲ್ಲ. ಅಮೆರಿಕದಲ್ಲಿ ಇದೇ ಪ್ರಶ್ನೆಯ ಮೇಲೆ ಸಭೆಗಳು ಒಡೆದಿವೆ. ಇಂಡಿಯಾನಾ ರಾಜ್ಯದ ರಿಚ್ಮಂಡ್ ಪಟ್ಟಣದ ಒಂದು ಸಭೆ 2008ರಲ್ಲಿ ಸಲಿಂಗಿಗಳಿಗೆ ಮುಕ್ತ ಸ್ವಾಗತವಿದೆ ಎಂದು ಬರೆದುಕೊಂಡದ್ದೇ ನೆಪವಾಗಿ ಅಲ್ಲಿನ ಪ್ರಾದೇಶಿಕ ಒಕ್ಕೂಟ ಕೆಲವೇ ವರ್ಷಗಳಲ್ಲಿ ಇಬ್ಭಾಗವಾಯಿತು. ವಾಯವ್ಯ ಭಾಗದ ಒಕ್ಕೂಟದಿಂದ ಹೊರಬಿದ್ದ ಸಭೆಗಳು ಹೊಸ ಒಕ್ಕೂಟವನ್ನು ಕಟ್ಟಿಕೊಂಡದ್ದು ಈಚೆಗೆ, 2017ರಲ್ಲಿ. ಎಲ್ಲರೊಳಗೂ ದೇವರ ಅಂಶವಿದೆ ಎಂಬ ಒಂದೇ ಮಾತನ್ನು ನಂಬಿದವರು ಎರಡು ಕಡೆಯೂ ಇದ್ದರು. ನಂಬಿಕೆ ದೊಡ್ಡದಾಗಿದ್ದ ಮಾತ್ರಕ್ಕೆ ಮನೆಯೊಳಗಿನ ಮಾತುಕತೆ ಸುಲಭವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ತಂದೆತಾಯಿಯ ಆಸರೆಯ ವಿಚಾರ. ಬ್ರಿಟನ್ನಿನ ಕ್ವೇಕರರಿಗೆ ಎಲ್ಲರೂ ಒಪ್ಪಲೇಬೇಕಾದ ನಂಬಿಕೆಯ ಸೂತ್ರವಿಲ್ಲ. ಬದಲಿಗೆ ನಲವತ್ತೆರಡು ಸಣ್ಣ ಖಂಡಗಳ ಒಂದು ಪುಸ್ತಿಕೆ ಇದೆ. ಅದರಲ್ಲಿ ಸಲಹೆಗಳೂ ಇವೆ, ಪ್ರಶ್ನೆಗಳೂ ಇವೆ. ಇಪ್ಪತ್ತೆರಡನೆಯ ಖಂಡ ನಮ್ಮ ನಡುವಿನ ಬದುಕು ಮತ್ತು ಸಂಬಂಧಗಳ ವೈವಿಧ್ಯವನ್ನು ಗೌರವಿಸಿ, ಇತರರ ಬಾಳಪಯಣದ ಬಗ್ಗೆ ಪೂರ್ವಗ್ರಹದ ತೀರ್ಪು ಕೊಡಬೇಡಿ ಎನ್ನುತ್ತದೆ. ಇದು ಮಕ್ಕಳ ಪರವಾಗಿ ಆಡಿದ ಮಾತಿನಂತೆ ಕೇಳಿಸುತ್ತದೆ. ಎರಡೇ ಖಂಡ ಮುಂದೆ ಹೋದರೆ ನಿಮ್ಮನ್ನು ಕುರಿತ ಮಾತೂ ಸಿಗುತ್ತದೆ: ಮಕ್ಕಳಿಗೂ ಎಳೆಯರಿಗೂ ಪ್ರೀತಿ ಮತ್ತು ನೆಲೆ ಬೇಕು, ಆ ಹೊಣೆಯನ್ನು ಹೊತ್ತಿರುವ ತಂದೆತಾಯಿಯನ್ನು ಎತ್ತಿಹಿಡಿಯಲು ನಾವು ನಮ್ಮಿಂದಾದದ್ದನ್ನೆಲ್ಲ ಮಾಡುತ್ತಿದ್ದೇವೆಯೇ ಎಂದು ಅದು ಕೇಳುತ್ತದೆ. ಪ್ರಶ್ನೆ ಇರುವುದು ಸಭೆಗೆ, ತಂದೆತಾಯಿಗಲ್ಲ ಎಂಬುದನ್ನು ಗಮನಿಸಿ. ಮಗುವನ್ನು ಒಪ್ಪಿಕೊಳ್ಳಲು ಹೆಣಗುತ್ತಿರುವ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದಕ್ಕೂ ಅವಳ ಪಕ್ಕದಲ್ಲಿ ಬಂದು ಕೂರುವುದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ಪಕ್ಕದಲ್ಲಿ ಕೂರುವುದಕ್ಕೆ ಅವರಲ್ಲಿ ಒಂದು ಹಳೆಯ ಪದ್ಧತಿಯೂ ಇದೆ. ಮನಸ್ಸು ಗೊಂದಲದಲ್ಲಿರುವವರು ಕೇಳಿಕೊಂಡರೆ ನಾಲ್ಕೈದು ಮಂದಿ ನಂಬಿಕಸ್ಥರು ಅವರೊಂದಿಗೆ ಒಂದೆರಡು ತಾಸು ಕೂರುತ್ತಾರೆ. ಇದನ್ನು ಅವರು ‘ಕ್ಲಿಯರ್‌ನೆಸ್’ ಸಭೆ ಎನ್ನುತ್ತಾರೆ, ತಿಳಿಯಾಗುವ ಸಭೆ ಎನ್ನಬಹುದು. ಈಗ ಬಹಳ ಕಡೆ ರೂಢಿಯಲ್ಲಿರುವ ರೀತಿಯಲ್ಲಿ ಇದರ ನಿಯಮ ಕಠಿಣವಾದದ್ದು: ಸಲಹೆ ಕೊಡುವಂತಿಲ್ಲ, ತಮ್ಮ ಕತೆ ಹೇಳುವಂತಿಲ್ಲ, ಸಮಾಧಾನ ಮಾಡುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬಹುದು. ಪ್ರಶ್ನೆಯೂ ಉತ್ತರವನ್ನು ಒಳಗೆ ಅಡಗಿಸಿಕೊಂಡದ್ದಾಗಿರಬಾರದು. ‘ನೀವು ಮಗಳನ್ನು ಒಪ್ಪಿಕೊಳ್ಳಬಾರದೇಕೆ?’ ಎಂಬುದು ಪ್ರಶ್ನೆಯ ವೇಷ ತೊಟ್ಟ ಬುದ್ಧಿವಾದ. ‘ಅವಳು ಹೇಳಿದ ಆ ಸಂಜೆ ನಿಮಗೆ ಮೊದಲು ಹೆದರಿಕೆಯಾದದ್ದು ಯಾವುದರ ಬಗ್ಗೆ?’ ಎಂಬುದು ಪ್ರಶ್ನೆ. ಇಂಥ ಒಂದು ಪ್ರಶ್ನೆಗೆ ಒಬ್ಬ ತಂದೆ ಸುಮಾರು ಹತ್ತು ನಿಮಿಷ ಸುಮ್ಮನಿದ್ದು, ‘ನನ್ನ ತಮ್ಮನ ಹಾಗೆ ಇವನೂ ಒಂಟಿಯಾಗಿ ಸಾಯುತ್ತಾನೆ ಎಂದು’ ಎಂದು ಹೇಳಿದರಂತೆ. ಆ ತಮ್ಮನ ವಿಚಾರ ಅವರ ಹೆಂಡತಿಗೂ ಆವರೆಗೆ ತಿಳಿದಿರಲಿಲ್ಲ. ಅವರೇ ನನಗೆ ಹೇಳಿದ ಮಾತಿದು, ಹೇಳಿಕೊಳ್ಳಲು ಅವರ ಅಪ್ಪಣೆಯಿದೆ. ಮಗನ ಮೇಲಿನ ಸಿಟ್ಟು ಎಂದು ಮನೆಯವರೆಲ್ಲ ಭಾವಿಸಿದ್ದು ಮೂವತ್ತು ವರ್ಷ ಹಳೆಯ ದುಃಖವಾಗಿತ್ತು.

ನೀವು ಆ ಪಂಥದವರಲ್ಲವಾದ್ದರಿಂದ ಇಂಥ ಸಭೆಯನ್ನು ಕೇಳಬಹುದೇ ಎಂಬ ಅನುಮಾನ ಬರಬಹುದು. ಕೇಳಬಹುದು. ಹೆಚ್ಚಿನ ಸಭೆಗಳಲ್ಲಿ ಸದಸ್ಯರ ಕಷ್ಟಸುಖ ನೋಡಿಕೊಳ್ಳಲು ನೇಮಕವಾದ ಕೆಲವರು ಇರುತ್ತಾರೆ, ಅವರಿಗೆ ಬೀಗಿತ್ತಿಯ ಮೂಲಕ ಒಂದು ಮಾತು ತಲುಪಿಸಿದರೆ ಸಾಕು. ಆದರೆ ನಿಮ್ಮ ಮನೆಯವರನ್ನು ಅದಕ್ಕೆ ಒತ್ತಾಯಿಸಬೇಡಿ. ಒತ್ತಾಯದಿಂದ ಕೂತವರಿಗೆ ಆ ಪ್ರಶ್ನೆಗಳು ಪೊಲೀಸ್ ವಿಚಾರಣೆಯಂತೆ ಕೇಳಿಸುತ್ತವೆ.

ಅವರ ಮೌನದ ಬಗ್ಗೆ ಒಂದು ಮಾತು ಹೇಳಬೇಕು. ಕ್ವೇಕರರೂ ಸುಮ್ಮನೆ ಕೂರುತ್ತಾರೆ, ನಿಮ್ಮ ಮನೆಯವರೂ ಸುಮ್ಮನಿದ್ದಾರೆ. ಎರಡೂ ಒಂದೇ ಅಲ್ಲ. ಕ್ವೇಕರ್ ಸಭೆಯ ಮೌನದಲ್ಲಿ ಯಾರು ಯಾವಾಗ ಬೇಕಾದರೂ ಎದ್ದು ಮಾತನಾಡಬಹುದು, ಆಡಿದ್ದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಅದಕ್ಕೆ ಎದುರುತ್ತರ ಕೊಡುವುದಿಲ್ಲ. ಮಾತು ಬಿಟ್ಟ ತಂದೆಯ ಮೌನದಲ್ಲಿ ಮಗಳಿಗೆ ಏಳಲು ಅವಕಾಶವಿಲ್ಲ. ಆ ಮೌನವನ್ನು ಅವಳು ದೂರದ ಊರಿನಲ್ಲಿ, ಕೆಲಸದಿಂದ ಬಂದ ರಾತ್ರಿಗಳಲ್ಲಿ, ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾಳೆ, ಮತ್ತು ಅಂಥ ಹೊತ್ತಿನಲ್ಲಿ ತೋಚುವ ಅರ್ಥ ಯಾವಾಗಲೂ ಕೆಟ್ಟದ್ದೇ. ನಾನು ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇಟ್ಲಿನ್ ರಯಾನ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದಲ್ಲಿ ಮನೆಯವರಿಂದ ಹೆಚ್ಚಿನ ತಿರಸ್ಕಾರ ಕಂಡ ಸಲಿಂಗಿ ಯುವಜನರು ಮತ್ತು ಗಂಡುಹೆಣ್ಣು ಇಬ್ಬರತ್ತಲೂ ಒಲವಿರುವ ಯುವಜನರು, ಅಂಥ ತಿರಸ್ಕಾರ ಇಲ್ಲದ ಅಥವಾ ಕಡಿಮೆ ಇದ್ದವರಿಗಿಂತ 8.4 ಪಟ್ಟು ಹೆಚ್ಚಾಗಿ ಆತ್ಮಹತ್ಯೆಯ ಯತ್ನವನ್ನು ವರದಿ ಮಾಡಿದ್ದರು. ನಿಮ್ಮ ಮಗಳು ಹದಿಹರೆಯದವಳಲ್ಲ, ಅವಳಿಗೆ ಜೊತೆಗಾರ್ತಿ ಇದ್ದಾಳೆ, ಬೀಗರ ಮನೆಯಿದೆ. ಹೆದರಿಸಲು ಈ ಅಂಕಿಯನ್ನು ಹೇಳುತ್ತಿಲ್ಲ. ಕಾಲ ಹಿಡಿಯುತ್ತದೆ ಎಂಬುದು ನಿಜವಾದರೂ ಆ ಕಾಲದ ಬೆಲೆಯನ್ನು ತೆರುವವರು ತಂದೆತಾಯಿಯಲ್ಲ, ಮಕ್ಕಳು ಎಂಬುದನ್ನು ಮರೆಮಾಚಬಾರದು ಎಂದು ಹೇಳುತ್ತಿದ್ದೇನೆ. ನಲವತ್ತಾರು ವರ್ಷ ತೆಗೆದುಕೊಂಡ ಕ್ವೇಕರರ ಸಭೆಗಳಲ್ಲೂ, ಕಾದು ಕಾದು ಎದ್ದುಹೋದ ಎಳೆಯರು ಇದ್ದೇ ಇರುತ್ತಾರೆ.

ನಿಮ್ಮ ಮನೆಯವರು ಡಾಕ್ಟರಿಗೆ ತೋರಿಸೋಣ ಎಂಬ ಮಾತು ಎತ್ತಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಒಲವನ್ನು ಬದಲಿಸುತ್ತೇವೆಂದು ಚಿಕಿತ್ಸೆ ಕೊಡುವುದು ವೃತ್ತಿಗೆ ಸಲ್ಲದ ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ಹೇಳಿದೆ. ಕಾನೂನಿನ ಸ್ಥಿತಿಯೂ ತಿಳಿದಿರಲಿ. ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ಭಾರತದಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ, ಆದರೆ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ನೀಡಲು ನಿರಾಕರಿಸಿತು. ಆಗಸ್ಟ್‌ನ ಮದುವೆ ಬ್ರಿಟನ್ನಿನಲ್ಲಿ ಪೂರ್ತಿ ಕಾನೂನುಬದ್ಧ. ಧಾರವಾಡಕ್ಕೆ ಬಂದಾಗ ಇಲ್ಲಿನ ಕಾನೂನಿನ ಕಣ್ಣಿಗೆ ಅವರಿಬ್ಬರೂ ಗೆಳತಿಯರು. ಆಸ್ತಿ, ಉಯಿಲು, ನಾಮಿನಿ ಮುಂತಾದವನ್ನು ಮಗಳು ಒಬ್ಬ ವಕೀಲರೊಂದಿಗೆ ಕೂತು ಬರೆಸುವುದು ಒಳ್ಳೆಯದು. ಆ ತೀರ್ಪಿಗೆ ಮುಂಚೆ, 2023ರ ಏಪ್ರಿಲ್‌ನಲ್ಲಿ, ತಮ್ಮ ಮಕ್ಕಳ ಮದುವೆಗೆ ಮಾನ್ಯತೆ ಕೊಡಿ ಎಂದು 400ಕ್ಕೂ ಹೆಚ್ಚು ಭಾರತೀಯ ತಂದೆತಾಯಂದಿರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದಿದ್ದರು. ‘ಸ್ವೀಕಾರ್’ ಎಂಬ ಹೆಸರಿನ ಪೋಷಕರ ಬಳಗದವರು ಅವರು. ಬೀಗಿತ್ತಿಯೊಂದಿಗೆ ಇಂಗ್ಲಿಷಿನಲ್ಲಿ ಹೇಳಿಕೊಳ್ಳಲಾಗದ್ದು, ‘ಜನ ಏನಂತಾರೆ’ ಎಂಬ ನಮ್ಮ ಮಾತಿನ ಭಾರ, ಅಂಥವರಿಗೆ ವಿವರಿಸದೆಯೇ ತಿಳಿಯುತ್ತದೆ.

ಪದಗಳ ಬಗ್ಗೆ ಒಂದು ಅಡ್ಡಮಾತು. ನಮ್ಮ ಪತ್ರಿಕೆಗಳು ‘ಸಲಿಂಗಕಾಮ’ ಎಂದು ಬರೆಯುತ್ತವೆ. ಆ ಪದ ಕಾಮವನ್ನೇ ಮುಂದೆ ನಿಲ್ಲಿಸುತ್ತದೆ. ಕೇಳಿದವರ ಕಣ್ಣಮುಂದೆ ಮಲಗುವ ಕೋಣೆಯೊಂದು ಬರುತ್ತದೆಯೇ ಹೊರತು ಅಡುಗೆಮನೆ, ಮನೆಬಾಡಿಗೆ, ಜ್ವರ ಬಂದಾಗ ಕಾಸಿಕೊಟ್ಟ ಗಂಜಿ ಬರುವುದಿಲ್ಲ. ನಿಮ್ಮ ಮಗಳು ನಿಮಗೆ ಹೇಳಿದ ಪದ, ನಿಮ್ಮ ಪತ್ರದ ಪ್ರಕಾರವೇ, ‘ಪ್ರೀತಿಸುತ್ತಿದ್ದೇನೆ’. ಮನೆಯವರೊಂದಿಗೆ ಮಾತನಾಡುವಾಗ ಅವಳ ಪದವನ್ನೇ ಬಳಸಿ.

ಈಗ ಮದುವೆಗೆ ಬರೋಣ, ‘ಹೋದರೆ ಒಪ್ಪಿದಂತೆ ಆಗುವುದಿಲ್ಲವೇ’ ಎಂಬ ನಿಮ್ಮ ಪ್ರಶ್ನೆಗೆ. ಕ್ವೇಕರ್ ಮದುವೆಯಲ್ಲಿ ಮದುವೆ ಮಾಡಿಸುವವರು ಯಾರೂ ಇಲ್ಲ. ನಾವು ಯಾರ ಮದುವೆಯನ್ನೂ ಮಾಡಿಸುವುದಿಲ್ಲ, ಅದು ದೇವರ ಕೆಲಸ, ನಾವು ಸಾಕ್ಷಿಗಳು ಮಾತ್ರ ಎಂದು 1669ರಷ್ಟು ಹಿಂದೆಯೇ ಫಾಕ್ಸ್ ಬರೆದಿದ್ದಾನೆ. ಕನ್ಯಾದಾನವಿಲ್ಲ, ತಂದೆ ಕೈಹಿಡಿದು ಕರೆತರುವ ಪದ್ಧತಿಯೂ ಇಲ್ಲ. ಯಾರನ್ನೂ ಯಾರೂ ಕೊಡುವುದಿಲ್ಲ. ಎಲ್ಲರೂ ಮೌನವಾಗಿ ಕೂತಿರುತ್ತಾರೆ. ತಮಗೆ ಸಮಯ ಬಂದಿತು ಎನಿಸಿದಾಗ ಇಬ್ಬರೂ ಎದ್ದು, ಕೈ ಹಿಡಿದುಕೊಂಡು, ಈ ನನ್ನ ಸ್ನೇಹಿತೆಯನ್ನು ಬಾಳಸಂಗಾತಿಯಾಗಿ ಸ್ವೀಕರಿಸುತ್ತೇನೆ, ಇಬ್ಬರೂ ಬದುಕಿರುವವರೆಗೆ ಪ್ರೀತಿಯಿಂದ, ನಿಷ್ಠೆಯಿಂದ ಇರುತ್ತೇನೆ ಎಂಬ ಅರ್ಥದ ಒಂದೆರಡು ವಾಕ್ಯ ಹೇಳಿ ಕೂರುತ್ತಾರೆ. ಅಷ್ಟೇ. ಮತ್ತೆ ಮೌನ. ಯಾರಾದರೂ ಎದ್ದು ಮಾತನಾಡಬಹುದು. ಕೊನೆಗೆ ಇಬ್ಬರು ಹಿರಿಯರು ಪರಸ್ಪರ ಕೈಕುಲುಕುತ್ತಾರೆ, ಅಲ್ಲಿಗೆ ಮುಗಿಯಿತು.

ಅದಾದ ಮೇಲೆ ಸಹಿ. ದಪ್ಪ ಕಾಗದದ ಮೇಲೆ ಸುಂದರ ಅಕ್ಷರದಲ್ಲಿ ಬರೆದ ದೊಡ್ಡ ಪತ್ರವೊಂದನ್ನು ಮೇಜಿನ ಮೇಲೆ ಹರಡಿರುತ್ತಾರೆ. ಇಬ್ಬರೂ ಹೇಳಿದ ಮಾತುಗಳು ಅದರಲ್ಲಿ ಇರುತ್ತವೆ. ಕೆಳಗೆ, ಈ ಮದುವೆಯಲ್ಲಿ ಹಾಜರಿದ್ದ ನಾವು ಸಾಕ್ಷಿಗಳಾಗಿ ಹೆಸರು ಬರೆದಿದ್ದೇವೆ ಎಂಬ ಸಾಲಿನ ಅಡಿ, ಬಂದವರೆಲ್ಲ ಸಾಲಾಗಿ ನಿಂತು ಸಹಿ ಮಾಡುತ್ತಾರೆ. ಮಕ್ಕಳೂ ಮಾಡುತ್ತಾರೆ. ನಾನು ನೋಡಿದ ಒಂದು ಪತ್ರದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ತನ್ನ ಹೆಸರಿನ ಮೊದಲ ಅಕ್ಷರವನ್ನು ತಿರುಗುಮುರುಗಾಗಿ ಬರೆದು, ಅದರ ಪಕ್ಕ ಬಸ್ಸಿನ ಚಿತ್ರ ಬಿಡಿಸಿದ್ದ; ಅದರ ಕೆಳಗೆ ಅವನ ಅಜ್ಜಿಯ ನಡುಗುವ ಸಹಿ. ಹೆಚ್ಚಿನ ಮನೆಗಳಲ್ಲಿ ಆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

ಆ ಸಾಲನ್ನು ಇನ್ನೊಮ್ಮೆ ಓದಿ: ಹಾಜರಿದ್ದೆವು ಎಂದಷ್ಟೇ ಇದೆ. ಒಪ್ಪಿದೆವು, ಹರಸಿದೆವು, ಸಂತೋಷಪಟ್ಟೆವು ಎಂದು ಅದು ಹೇಳುವುದಿಲ್ಲ. ನೀವು ಹೋದರೆ ಊರಿನವರು ಒಪ್ಪಿದಿರಿ ಎಂದೇ ಹೇಳುತ್ತಾರೆ, ಅದನ್ನು ತಡೆಯಲಾಗದು. ಆದರೆ ಆ ಮಂದಿರದಲ್ಲಿ ನಿಮ್ಮಿಂದ ಕೇಳುವುದು ಅದನ್ನಲ್ಲ. ನಿಮ್ಮ ಮಗಳು ತನ್ನ ಬದುಕಿನ ಅತಿ ದೊಡ್ಡ ಮಾತನ್ನು ಆಡುವಾಗ ನೀವು ಅಲ್ಲಿದ್ದಿರಿ, ಕೇಳಿಸಿಕೊಂಡಿರಿ, ಅಷ್ಟನ್ನೇ. ಒಪ್ಪಿಗೆ ಮೊದಲು ಬರಬೇಕು, ಆಮೇಲೆ ಹೋಗಬೇಕು ಎಂದು ನೀವು ಅಂದುಕೊಂಡಿದ್ದೀರಿ ಎಂದು ನಿಮ್ಮ ಪತ್ರದಿಂದ ಅನಿಸುತ್ತದೆ. ನಾನು ಕಂಡ ತಂದೆತಾಯಿಯರಲ್ಲಿ ಹೆಚ್ಚಿನವರಿಗೆ ಅದು ಆ ಕ್ರಮದಲ್ಲಿ ಬರಲಿಲ್ಲ. ಮೊದಲು ಹೋದರು, ಕೂತರು, ಒಪ್ಪಿಗೆ ಬಂದವರಿಗೆ ಆಮೇಲೆ ಎಂದೋ ಬಂತು, ಒಬ್ಬಿಬ್ಬರಿಗೆ ಬರಲೇ ಇಲ್ಲ. ಬರದಿದ್ದವರ ಸಹಿಯೂ ಆ ಕಾಗದದ ಮೇಲೆ ಇದೆ.

ಅಕ್ಷತೆಯ ವಿಚಾರ. ಮೌನದ ಹೊತ್ತಿನಲ್ಲಿ ಯಾವ ವಿಧಿಯನ್ನೂ ಸೇರಿಸದಿರುವುದು ಅವರ ಪದ್ಧತಿ, ಅದನ್ನು ಹಾಗೆಯೇ ಬಿಡುವುದು ಚೆನ್ನ. ಸಹಿಯಾದ ಮೇಲೆ ಪಕ್ಕದ ಕೋಣೆಯಲ್ಲಿ ಚಹಾ, ಕೇಕು ಇರುತ್ತವೆ. ಅಲ್ಲಿ ಅಕ್ಷತೆ ಹಾಕಲು, ಕುಂಕುಮ ಹಚ್ಚಲು, ಇಬ್ಬರಿಗೂ ಉಡಿ ತುಂಬಲು ಯಾರ ಅಡ್ಡಿಯೂ ಇರುವುದಿಲ್ಲ. ಬೀಗಿತ್ತಿಗೆ ಮೊದಲೇ ಒಂದು ಸಾಲು ಬರೆದು ತಿಳಿಸಿ. ಅಕ್ಕಿ ನೆಲದ ಮೇಲೆ ಬೀಳುತ್ತದೆ, ಗುಡಿಸಲು ಪೊರಕೆ ಬೇಕು ಎಂಬುದನ್ನೂ ಸೇರಿಸಿ. ಕ್ವೇಕರರಲ್ಲಿ ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡುವುದು, ಕಪ್ಪು ತೊಳೆಯುವುದೆಲ್ಲ ಬಂದವರದೇ ಕೆಲಸ, ಅವರು ಅದಕ್ಕೆ ಸಂತೋಷಪಡುತ್ತಾರೆಯೇ ಹೊರತು ಬೇಸರಿಸುವುದಿಲ್ಲ. ಮೌನದ ನಡುವೆ ನಿಮಗೆ ಮಾತು ಬಂದರೆ ಎದ್ದು ಕನ್ನಡದಲ್ಲೇ ಹೇಳಿ. ಯಾರೂ ಅನುವಾದ ಕೇಳುವುದಿಲ್ಲ. ಅರ್ಥವಾಗಬೇಕಾದವಳಿಗೆ ಅರ್ಥವಾಗುತ್ತದೆ.

ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಪ್ರಯಾಣದ ಮೂರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಆದ್ದರಿಂದ ಮೇ ತಿಂಗಳಲ್ಲಿ ಕೆಲಸ ಆರಂಭಿಸಿ. ಆಹ್ವಾನಪತ್ರವನ್ನು ಮಗಳೂ ಬೀಗರೂ ಕಳಿಸಲಿ, ಅದರಲ್ಲಿ ನಿಮ್ಮಿಬ್ಬರ ಹೆಸರೂ ಇರಲಿ. ನಿಮ್ಮ ಮನೆಯವರ ಅರ್ಜಿಯನ್ನೂ ನಿಮ್ಮದರ ಜೊತೆಗೇ ತುಂಬಿಸಿ ಇಡಿ, ವಾದ ಮಾಡಬೇಡಿ. ಬೆರಳಚ್ಚು ಕೊಡಲು ಅವರೇ ಖುದ್ದಾಗಿ ಬರಬೇಕಾಗುತ್ತದೆ; ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಎರಡು ಸೀಟು ಕಾಯ್ದಿರಿಸಿ, ಟಿಕೆಟ್ಟನ್ನು ಅವರು ದಿನಪತ್ರಿಕೆ ಓದುವ ಜಾಗದಲ್ಲಿ ಇಟ್ಟುಬಿಡಿ.